ಮೋಶೆ ಕಥೆಗೆ ಉತ್ಖನನದಲ್ಲಿ ಏನಾದ್ರೂ ಸಾಕ್ಷಿ ಸಿಕ್ಕಿದ್ಯಾ?

ಪ್ರಶ್ನೆ: ನಮಸ್ತೆ ಸರ್, ನಮ್ಮ ಬೈಬಲ್ ಸ್ಟಡೀಲಿ ವಿಮೋಚನಕಾಂಡ ನಡೀತಿದೆ. ಮೋಶೆ ಹಿಂದೆ 6 ಲಕ್ಷ ಇಸ್ರೇಲ್ಯ ಗಂಡಸರು ಈಜಿಪ್ಟ್ ಬಿಟ್ಟು ಹೊರಟ್ರು ಅಂತಿದೆ, ಕಾಲೇಜಿಗೆ ಹೋಗೋ ನನ್ನ ಮಗ ಇದೆಲ್ಲ ಬರೀ ಕಥೆ ಅಮ್ಮ ಅಂತಾನೆ. ನೀವು ಪುರಾತತ್ವದವರು, ಇದ್ದಿದ್ದು ಇದ್ದಂಗೆ ಹೇಳಿ.

ಉತ್ತರ: ಮೇಡಂ, ಅಷ್ಟು ಜನ 40 ವರ್ಷ ಸಿನಾಯ್ ಮರಳುಗಾಡಲ್ಲಿ ಅಲೆದಾಡಿದ್ದಕ್ಕೆ ಕುರುಹು ಸಿಕ್ಕಿಲ್ಲ. ಅದೂ ಅಲ್ದೆ ಇದು ನಡೀತು ಅಂತ ಸಾಮಾನ್ಯವಾಗಿ ಹೇಳೋ ಕ್ರಿ.ಪೂ. 13ನೇ ಶತಮಾನದಲ್ಲಿ ಅವರು ಹೋಗಬೇಕಿದ್ದ ಕಾನಾನ್ ದೇಶವೇ ಫರೋಹನ (ಈಜಿಪ್ಟ್ ರಾಜನ) ಕೈಕೆಳಗಿತ್ತು. ಒಂದು ಚಿಕ್ಕ ಗುಂಪು ತಪ್ಪಿಸ್ಕೊಂಡು ಬಂದಿರಬಹುದು, ಅಂಥವರು ಮರಳುಗಾಡಲ್ಲಿ ಗುರುತು ಬಿಟ್ಟು ಹೋಗಲ್ಲ, ಹಾಗಾಗಿ ಸುಳ್ಳು ಅಂತ ಪೂರ್ತಿ ತಳ್ಳಿಹಾಕೋಕೂ ಬರಲ್ಲ. ಇಸ್ರೇಲ್ ಅನ್ನೋ ಹೆಸರು ಮೊದಲು ಸಿಗೋದು ಫರೋಹ ಮೆರ್ನೆಪ್ತಾನ ಶಾಸನದಲ್ಲಿ, ಕ್ರಿ.ಪೂ. 1208ರ ಸುಮಾರಿಂದು. ಇಸ್ರೇಲಿನ ಬೀಜವೇ ಉಳಿದಿಲ್ಲ ಅಂತ ಕೊಚ್ಕೊಂಡಿದಾನೆ, ಆದ್ರೆ ಆ ಹೆಸರಿನ ಪಕ್ಕ ಹಾಕಿರೋ ಚಿಹ್ನೆ ದೇಶದ್ದಲ್ಲ, ಜನಾಂಗದ್ದು. ಅಂದ್ರೆ ಆಗ ಇಸ್ರೇಲ್ ಅನ್ನೋ ಜನ ಇದ್ರು.

ಪ್ರಶ್ನೆ: ಮೋಶೆ ಆದ್ಮೇಲೆ ಯೆಹೋಶುವ ಮುತ್ತಿದಾಗ ಯೆರಿಕೋ ಊರಿನ ಗೋಡೆ ಬಿತ್ತು ಅಂತ ಬೈಬಲಲ್ಲಿದೆ, ಆ ಬಿದ್ದ ಗೋಡೆ ಸಿಕ್ಕಿದೆ ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ ಸರ್?

ಉತ್ತರ: ಬಿದ್ದ ಗೋಡೆ ಇದೆ, ಕಾಲ ಹೊಂದಲ್ಲ. 1950ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಪದರ ಪದರವಾಗಿ ಅಗೆದು ನೋಡಿದಾಗ ಊರು ಸುಟ್ಟಿದ್ದು ಕ್ರಿ.ಪೂ. 1550ರ ಆಸುಪಾಸು ಅಂತ ಗೊತ್ತಾಯ್ತು. ಯೆಹೋಶುವನ ಕಾಲ ಅಂತ ಹೇಳೋ ಹೊತ್ತಿಗೆ ಅಲ್ಲಿ ಕೋಟೆಗೋಡೆ ಇರೋ ಊರೇ ಇರಲಿಲ್ಲ. ಸಿನಾಯ್ ಬಗ್ಗೆ ನೆಲ ಸುಮ್ನಿದೆ ಅಷ್ಟೇ, ಇಲ್ಲಿ ಮಾತ್ರ ನೆಲ ಬೇರೆ ಹೇಳ್ತಿದೆ, ಇವೆರಡನ್ನೂ ಬೆರೆಸಬೇಡಿ.

ಪ್ರಶ್ನೆ: ಹಾಗಾದ್ರೆ ಮಗ ಹೇಳಿದ್ದೇ ಸರಿನಾ? 😔

ಉತ್ತರ: ಇಲ್ಲಮ್ಮ! ರಾಜರ ಕಾಲಕ್ಕೆ ಬನ್ನಿ. 1993ರಲ್ಲಿ ಉತ್ತರ ಇಸ್ರೇಲಿನ ತೆಲ್ ದಾನ್‌ನಲ್ಲಿ ಸಿಕ್ಕ ಕಲ್ಲಲ್ಲಿ 'ದಾವೀದನ ಮನೆತನ' ಅಂತ ಬರೆದಿದೆ, ಅದನ್ನ ಬರೆಸಿದ್ದು ಶತ್ರು ರಾಜ. ಇನ್ನು ಯೆರೂಸಲೇಮಿಂದ ಆಳ್ತಿದ್ದ ಯೆಹೂದದ ರಾಜ ಹಿಜ್ಕೀಯನ ವಿಷಯಕ್ಕಂತೂ ಎರಡೂ ಕಡೆಯವರ ಲೆಕ್ಕ ಇದೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ರಾಜ ಸನ್ಹೇರೀಬ ದಂಡೆತ್ತಿ ಬಂದಾಗ ಹಿಜ್ಕೀಯ ಕೊಟ್ಟ ಕಪ್ಪ 30 ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ, 300 ತಲಾಂತು ಬೆಳ್ಳಿ ಅಂತ ಎರಡನೇ ಅರಸುಗಳು 18ರಲ್ಲಿದೆ. ಸನ್ಹೇರೀಬ ಮಣ್ಣಿನ ಪಟ್ಟಕದ ಮೇಲೆ ಬರೆಸಿರೋದ್ರಲ್ಲೂ ಬಂಗಾರ 30 ತಲಾಂತೇ, ಬೆಳ್ಳಿ ಮಾತ್ರ 800. 46 ಊರು ಹಿಡಿದೆ, ಹಿಜ್ಕೀಯನ್ನ ಪಂಜರದ ಹಕ್ಕಿ ಥರ ಕೂಡಿಹಾಕ್ದೆ ಅಂತಾನೆ, ಯೆರೂಸಲೇಮ್ ಹಿಡಿದೆ ಅಂತ ಎಲ್ಲೂ ಹೇಳಲ್ಲ. ಗೆದ್ದಿದ್ರೆ ಬಿಡ್ತಿದ್ನಾ? ದೇವದೂತ ಬಂದು ಊರನ್ನ ಕಾಪಾಡಿದ ಅಂತ ಬೈಬಲ್ ಹೇಳೋದು ಮಾತ್ರ ನಂಬಿಕೆಗೆ ಬಿಟ್ಟಿದ್ದು, ಅದನ್ನ ಗುದ್ದಲಿಯಿಂದ ತೋರಿಸೋಕಾಗಲ್ಲ.

ನಿಮ್ಮ ಮಗನಿಗೆ ಬ್ರಿಟಿಷ್ ಮ್ಯೂಸಿಯಂನಲ್ಲಿರೋ, ಸನ್ಹೇರೀಬ ಹಿಡಿದ ಯೆಹೂದದ ಊರು ಲಾಕೀಷ್‌ನ ಮುತ್ತಿಗೆಯ ಉಬ್ಬುಶಿಲ್ಪದ ಫೋಟೋ ತೋರಿಸಿ. ಎತ್ತಿನ ಗಾಡೀಲಿ ಹೆಂಗಸರು ಮಕ್ಕಳು ಗಂಟುಮೂಟೆ ಸಮೇತ ಸೆರೆ ಹೋಗ್ತಿರೋದು ಅದರಲ್ಲಿದೆ. ಆ ಊರಿಗೆ ಹತ್ತೋಕೆ ಅಶ್ಶೂರದವರು ಕಲ್ಲು ಸುರಿದು ಮಾಡಿದ ಇಳಿಜಾರು ದಾರಿ ಇವತ್ತಿಗೂ ಅಲ್ಲೇ ಇದೆ.