ಸಹಾಯ ಬೇಕು: ವಾರ್ಡ್ ಸಭೆಯಲ್ಲಿ ಬರೆಸಿದ ಮೋರಿ ಕ್ರಿಯಾ ಯೋಜನೆಯಲ್ಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಊರು. ಪಂಚಾಯಿತಿ ಹೆಸರು ಇಲ್ಲಿ ಬೇಡ, ದಿನಾ ಅವರ ಮುಖ ನೋಡಬೇಕಲ್ವಾ.

ಕಾಫಿ ತೋಟದ ಪಕ್ಕದ ರಸ್ತೆಯಲ್ಲಿದ್ದ ಮೋರಿ ಹೋದ ಮಳೆಗಾಲದಲ್ಲಿ ಕುಸಿಯಿತು. ಈಗ ಅಡಿಕೆ ದಬ್ಬೆ ಹಾಸಿಕೊಂಡು ದಾಟುತ್ತಿದ್ದೇವೆ. ಬೈಕು ಆಚೆ ನಿಲ್ಲಿಸಿ, ಹಾಲಿನ ಕ್ಯಾನು ಹೊತ್ತು ಹೋಗಬೇಕು. ವಾರ್ಡ್ ಸಭೆಯಲ್ಲಿ ಹೇಳಿದೆವು. ಪುಸ್ತಕದಲ್ಲಿ ಬರೆದುಕೊಂಡರು, ಸಹಿಯನ್ನೂ ಹಾಕಿಸಿಕೊಂಡರು. ಗ್ರಾಮ ಸಭೆಯಲ್ಲಿ ಕ್ರಿಯಾ ಯೋಜನೆ (ಪಂಚಾಯಿತಿ ಮಾಡಬೇಕಾದ ಕೆಲಸಗಳ ಪಟ್ಟಿ) ಓದಿದರೆ ಮೋರಿಯ ಸುದ್ದಿಯೇ ಇಲ್ಲ! ಕೇಳಿದರೆ ‘ಅನುದಾನ ಬರಲಿ, ನೋಡೋಣ’ ಅಂದರು. ಗ್ರಾಮ ಸಭೆ 6 ತಿಂಗಳಿಗೊಮ್ಮೆಯಾದರೂ ನಡೆಯಬೇಕು, ನಿಜ. ಆದರೆ ಮುಂದಿನದಕ್ಕೆ ಸುಮ್ನೆ ಕಾಯುತ್ತಾ ಕೂತರೆ ಮುಂಗಾರು ಬಂದುಬಿಡುತ್ತದೆ.

ವಾರ್ಡ್ ಸಭೆಯ ನಡಾವಳಿ ಪ್ರತಿ ಬೇಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂದುಕೊಂಡಿದ್ದೇನೆ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಹಾಗಾದರೆ ನಡಾವಳಿ, ಕ್ರಿಯಾ ಯೋಜನೆ ಎರಡನ್ನೂ ಒಟ್ಟಿಗೆ ಕೇಳಬಹುದಾ? ಅಥವಾ ಮೊದಲು ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ದೂರು ಕೊಡುವುದೇ ವಾಸಿಯಾ?

ಹಿಂದೆ ಹೀಗೆ ಅರ್ಜಿ ಹಾಕಿದವರು ಇದ್ದರೆ ಅದರ ಫೋಟೋ ಹಾಕಿ. ನನ್ನ ಬರಹ ಎರಡೇ ಸಾಲಿಗೆ ಜಗಳಕ್ಕೆ ತಿರುಗುತ್ತದೆ.