ಗ್ರೂಪ್ ಎ ಸ್ಟ್ರೆಪ್: ಡಿ-ಟೆಸ್ಟಲ್ಲಿ ಡಿ ಬರ್ತಾನೇ ಇಲ್ಲ

ಹಾಸನ_ಪ್ಲೇಟ್: ವಾರ್ಡಿನ ಗಾಯದ ಸ್ವಾಬಲ್ಲಿ ಗ್ರೂಪ್ ಎ ಸ್ಟ್ರೆಪ್ (ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ). ಬೀಟಾ ಹೀಮೊಲಿಸಿಸ್ (ಸುತ್ತಲಿನ ರಕ್ತ ಪೂರ್ತಿ ಕರಗಿದೆ), ಬ್ಯಾಸಿಟ್ರಾಸಿನ್ ಸೆನ್ಸಿಟಿವ್. ಎರಿಥ್ರೊ(ಮೈಸಿನ್) ರೆಸಿಸ್ಟೆಂಟ್, ಕ್ಲಿಂಡಾ(ಮೈಸಿನ್) ಝೋನ್, ಅಂದ್ರೆ ಡಿಸ್ಕ್ ಸುತ್ತ ಬೆಳವಣಿಗೆ ಇಲ್ಲದ ಜಾಗ, ದುಂಡಗೆ 22 ಮಿ.ಮೀ. ಎಷ್ಟು ಸಲ ಹಾಕಿದ್ರೂ ಡಿ ಇಲ್ಲ, ಅಂದ್ರೆ ಎರಿಥ್ರೊ ಡಿಸ್ಕ್ ಕಡೆ ಕ್ಲಿಂಡಾ ಝೋನ್ ಚಪ್ಪಟೆಯಾಗಿ ಅಡಗಿದ ಕ್ಲಿಂಡಾ ರೆಸಿಸ್ಟೆನ್ಸ್ ತೋರಿಸ್ತಿಲ್ಲ. ಅದೇ ಡಿಸ್ಕಲ್ಲಿ ಸ್ಟ್ಯಾಫ್‌ಗೆ (ಸ್ಟ್ಯಾಫಿಲೊಕಾಕಸ್) ಚೆನ್ನಾಗಿ ಬರುತ್ತೆ! ರೋಗಿಗೆ ಪೆನಿಸಿಲಿನ್ ಅಲರ್ಜಿ, ಡಾಕ್ಟ್ರು ಕ್ಲಿಂಡಾ ರಿಪೋರ್ಟಿಗೆ ಕಾಯ್ತಿದ್ದಾರೆ.

ಕಾಫಿನಾಡು_ಮೈಕ್ರೊ: ಇನ್‌ಕ್ಯುಬೇಟರಿನ ಸಿಒ2 ನೋಡಿ. ಜಾಸ್ತಿಯಾದ್ರೆ ಅಗಾರ್ ಆಮ್ಲೀಯವಾಗಿ ಎರಿಥ್ರೊ ಝೋನ್ ಕುಗ್ಗುತ್ತೆ. ನಿಮ್ಮದು ಸುಳ್ಳು ರೆಸಿಸ್ಟೆಂಟ್. ಪಿಹೆಚ್ 7.2–7.4 ಇದೆಯಾ?

ಹಾಸನ_ಪ್ಲೇಟ್: ಪಿಹೆಚ್ 7.3. ಸಿಒ2 5%, 35 ಡಿಗ್ರಿ. ಎರಿಥ್ರೊ ಡಿಸ್ಕಿನ ಅಂಚಿನವರೆಗೂ ಬೆಳೆದಿದೆ ಸರ್.

ಕಾಫಿನಾಡು_ಮೈಕ್ರೊ: ಆದ್ರೂ ಮೀಟರ್ ಒಮ್ಮೆ ಕ್ಯಾಲಿಬ್ರೇಟ್ ಮಾಡಿ.

ಸಕಲೇಶಪುರ_ಸ್ಲೈಡ್: ಝೋನೇ ಇಲ್ಲ ಅಂದಮೇಲೆ ಪಿಹೆಚ್ ಬಿಡಿ ಮಾರಾಯ್ರೆ. ಪ್ಲೇಟಿಗೆ ಯಾವ ರಕ್ತ?

ಹಾಸನ_ಪ್ಲೇಟ್: ಬ್ಲಡ್ ಬ್ಯಾಂಕಿಂದು, ಅವಧಿ ಮುಗಿದಿದ್ದು.

ಸಕಲೇಶಪುರ_ಸ್ಲೈಡ್: ಸಿಕ್ತು ನೋಡಿ! ಅದರಲ್ಲಿ ಹೆಪ್ಪುಗಟ್ಟದ ಹಾಗೆ ಹಾಕಿದ ಸಿಟ್ರೇಟ್ ಇರುತ್ತೆ, ದಾನಿ ನುಂಗಿದ ಮಾತ್ರೆಯೂ ಇರಬಹುದು. 5% ಡಿಫೈಬ್ರಿನೇಟೆಡ್ (ಫೈಬ್ರಿನ್ ತೆಗೆದ) ಕುರಿ ರಕ್ತವೇ ಬೇಕು.

ಕಾಫಿನಾಡು_ಮೈಕ್ರೊ: ಕುರಿ ರಕ್ತ ನಿಮ್ಮೂರಲ್ಲಿ ಸಿಗಬಹುದು, ಎಲ್ಲರಿಗೂ ಸಿಗುತ್ತಾ?

ಆಟೊ_ಎಎಸ್‌ಟಿ: ನಮ್ಮಲ್ಲಿ ವೈಟೆಕ್ 2 ಮೆಷಿನ್, ತಾನೇ ಟೆಸ್ಟ್ ಮಾಡುತ್ತೆ. ಕಾರ್ಡ್ ಹಾಕಿ ಟೀ ಕುಡಿಯೋಕೆ ಹೋಗ್ತೀವಿ.

ಸಕಲೇಶಪುರ_ಸ್ಲೈಡ್: ಹಾಗಾದ್ರೆ ಒಂದು ಇಲ್ಲಿಗೂ ಕಳಿಸಿ.

ಕಡೂರು_ಲ್ಯಾಬ್: ಡಿಸ್ಕ್ ಮಧ್ಯೆ ಅಂತರ ಎಷ್ಟು? ಯಾರೂ ಕೇಳಲೇ ಇಲ್ಲ.

ಹಾಸನ_ಪ್ಲೇಟ್: ಡಿಸ್ಪೆನ್ಸರಲ್ಲಿ ಹಾಕೋದು, ಎಲ್ಲರ ಹಾಗೆ.

ಕಡೂರು_ಲ್ಯಾಬ್: ಅಲ್ಲೇ ಇರೋದು. ಸ್ಟ್ಯಾಫ್‌ಗೆ ಅಂಚಿಂದ ಅಂಚಿಗೆ 15–26 ಮಿ.ಮೀ. ನಡೆಯುತ್ತೆ, ಹಾಗಾಗಿ ಡಿಸ್ಪೆನ್ಸರ್ ಸಾಕು. ಬೀಟಾ ಸ್ಟ್ರೆಪ್‌ಗೆ 12. ಡಿಸ್ಕ್ 6 ಮಿ.ಮೀ. ಇರೋದ್ರಿಂದ ಪ್ಲೇಟಿನ ಅಡಿಗೆ ಮಾರ್ಕರಲ್ಲಿ 18 ಮಿ.ಮೀ. ದೂರಕ್ಕೆ ಎರಡು ಚುಕ್ಕಿ ಇಟ್ಟು, ಚಿಮಟದಲ್ಲಿ ಕೂರಿಸಿ. ಎರಿಥ್ರೊ 15, ಕ್ಲಿಂಡಾ 2 ಮೈಕ್ರೊಗ್ರಾಂ, ಬ್ಯಾಕ್ಟೀರಿಯಾ ದ್ರವದ ಸಾಂದ್ರತೆ 0.5 ಮ್ಯಾಕ್‌ಫರ್ಲೆಂಡ್, 20–24 ಗಂಟೆ. ದೂರ ಹೆಚ್ಚಾದ್ರೆ ಎರಡೂ ಔಷಧಿಗೆ ರೆಸಿಸ್ಟೆನ್ಸ್ ಕೊಡುವ ಅರ್ಮ್ ಜೀನ್ ಎಬ್ಬಿಸುವಷ್ಟು ಎರಿಥ್ರೊ ಕ್ಲಿಂಡಾ ಝೋನಿನ ಅಂಚಿಗೆ ತಲುಪಲ್ಲ, ಝೋನ್ ದುಂಡಗೇ ಉಳಿಯುತ್ತೆ. ಓದುವಾಗ ಬೆಳವಣಿಗೆ ನಿಂತ ಗೆರೆ ನೋಡಿ, ಹೀಮೊಲಿಸಿಸ್ ಗೆರೆ ಅಲ್ಲ. ಪ್ಲೇಟ್ ಸ್ವಲ್ಪ ಓರೆ ಮಾಡಿದ್ರೆ ಕಾಣುತ್ತೆ.

ಹಾಸನ_ಪ್ಲೇಟ್: 12 ಇಟ್ಟರೂ ಬರದಿದ್ರೆ?

ಕಡೂರು_ಲ್ಯಾಬ್: ಆಗ ಎರಿಥ್ರೊನ ಕೋಶದಿಂದ ಹೊರಹಾಕುವ ಮೆಫ್ ಪಂಪ್ ಇರಬಹುದು, ಅದು ಕ್ಲಿಂಡಾನ ಹೊರಹಾಕಲ್ಲ, ಸೆನ್ಸಿಟಿವ್ ಅಂತ ಕೊಡಿ. ಆದ್ರೆ ಮೆಫ್‌ನಲ್ಲಿ ಎರಿಥ್ರೊಗೆ ಸಾಮಾನ್ಯವಾಗಿ ಸಣ್ಣ ಝೋನಾದ್ರೂ ಉಳಿಯುತ್ತೆ. ನಿಮ್ಮದರಲ್ಲಿ ಏನೂ ಇಲ್ಲ, ನನಗೆ ಅರ್ಮ್ ಮೇಲೇ ಅನುಮಾನ. ಡಿ ಬಂದ್ರೆ 22 ಇದ್ರೂ ರೆಸಿಸ್ಟೆಂಟ್. ಅಲ್ಲಿವರೆಗೂ ಕ್ಲಿಂಡಾ ರಿಪೋರ್ಟ್ ತಡೆದಿಡಿ.

ಸಕಲೇಶಪುರ_ಸ್ಲೈಡ್: ರಕ್ತವನ್ನೂ ಬದಲಿಸಿ ಅಂತೀನಿ.

ಕಾಫಿನಾಡು_ಮೈಕ್ರೊ: ಚಿಕ್ಕಮಗಳೂರಿಗೆ ಕುರಿ ರಕ್ತ ಕೊಡೋರು ಇದ್ರೆ ಮೆಸೇಜ್ ಮಾಡಿ.