ಕೈಯಿಂದ ಶುರು ಮಾಡಿದರೆ ಓಡುತ್ತದೆ, ಸರ್ವಿಸ್ ಮಾಡಿದರೆ ಸಾಯುತ್ತದೆ: ಲೈಸೆನ್ಸ್ ಸರ್ವರ್ ಗೋಳು

ಪ್ರಶ್ನೆ: ಸರ್, ನಮ್ಮಲ್ಲಿ ಲಿನಕ್ಸ್ ಮೇಲೆ ಫ್ಲೆಕ್ಸ್‌ಎಲ್‌ಎಂ ಲೈಸೆನ್ಸ್ ಸರ್ವರ್ (ನೆಟ್‌ವರ್ಕ್‌ನಲ್ಲಿರುವವರಿಗೆ ಸಾಫ್ಟ್‌ವೇರ್ ಲೈಸೆನ್ಸ್ ಹಂಚುವಂಥದ್ದು) ಇದೆ. ಇಷ್ಟು ದಿನ ರೂಟ್ (ಎಲ್ಲ ಅಧಿಕಾರವೂ ಇರುವ ಯೂಸರ್) ಆಗಿ ಲಾಗಿನ್ ಆಗಿ ಅದರ ಮುಖ್ಯ ಪ್ರೋಗ್ರಾಂ ಎಲ್‌ಎಂಜಿಆರ್‌ಡಿಯನ್ನು ಕೈಯಿಂದಲೇ ಶುರು ಮಾಡುತ್ತಿದ್ದೆ. ಮಷಿನ್ ರೀಬೂಟ್ ಆದರೆ ಸಾಕು, ಲೈಸೆನ್ಸ್ ಸಿಗ್ತಿಲ್ಲ ಅಂತ ಫೋನ್ ಮೇಲೆ ಫೋನ್. ಅದಕ್ಕೇ ತಾನಾಗೇ ಶುರುವಾಗಲಿ ಅಂತ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಸರ್ವಿಸ್ ಬರೆದೆ, ಟೈಪ್ ಸಿಂಪಲ್ ಅಂತ ಕೊಟ್ಟೆ. ಸ್ಟಾರ್ಟ್ ಮಾಡಿದರೆ ಒಂದು ಎರರ್ ಕೂಡ ಇಲ್ಲ. ಸ್ಟೇಟಸ್ ನೋಡಿದರೆ ‘ಇನ್‌ಆಕ್ಟಿವ್, ಡೆಡ್’, ಪಕ್ಕದಲ್ಲಿ ‘0, ಸಕ್ಸೆಸ್’ ಬೇರೆ! ಸತ್ತಿದ್ದು ಸಕ್ಸೆಸ್ ಹೇಗಾಯಿತು?

ಉತ್ತರ: ಆ ಸಕ್ಸೆಸ್‌ನಲ್ಲೇ ಗುಟ್ಟಿದೆ. ಎಲ್‌ಎಂಜಿಆರ್‌ಡಿ ಶುರುವಾದ ಕೂಡಲೇ ಒಂದು ಮರಿ ಪ್ರೊಸೆಸ್ ಹುಟ್ಟಿಸಿ, ಅದನ್ನು ಬ್ಯಾಕ್‌ಗ್ರೌಂಡ್‌ಗೆ ಬಿಟ್ಟು, ತಾನು ಸೊನ್ನೆ (ತಪ್ಪೇನಿಲ್ಲ ಅಂತ) ಹೇಳಿ ಹೊರಟುಬಿಡುತ್ತದೆ. ನೀವು ಸಿಂಪಲ್ ಅಂದಿದ್ದೀರಲ್ಲ, ಸಿಸ್ಟಂಡಿ ಆ ಮೊದಲ ಪ್ರೊಸೆಸ್ಸೇ ಸರ್ವಿಸ್ ಅಂತ ನಂಬಿಕೊಂಡಿರುತ್ತದೆ. ಅದು ಹೋಯಿತು ಅಂದ ಮೇಲೆ ಕೆಲಸ ಮುಗಿಯಿತು ಅಂತ ಅದೇ ಸಿಗ್ರೂಪ್‌ನಲ್ಲಿ (ಆ ಸರ್ವಿಸ್‌ನ ಪ್ರೊಸೆಸ್‌ಗಳ ಗುಂಪು) ಉಳಿದ ಮರಿಯನ್ನೂ ವೆಂಡರ್ ಡೀಮನ್ನನ್ನೂ (ಆಯಾ ಕಂಪನಿಯ ಲೈಸೆನ್ಸ್ ಕೊಡುವ ಪ್ರೋಗ್ರಾಂ) ಸೇರಿಸಿ ಗುಡಿಸಿ ಹಾಕುತ್ತದೆ. ಟೈಪ್ ಫೋರ್ಕಿಂಗ್ (ಮರಿ ಹುಟ್ಟಿಸಿ ತಾನು ಹೋಗುವಂಥದ್ದು) ಅಂತ ಬದಲಿಸಿದರೆ ಸರಿಹೋಗುತ್ತದೆ. ನನಗೆ ಇನ್ನೊಂದು ದಾರಿ ಜಾಸ್ತಿ ಇಷ್ಟ: ಟೈಪ್ ಸಿಂಪಲ್ಲೇ ಇರಲಿ, ಕಮಾಂಡ್‌ಗೆ ಮೈನಸ್ ಝಡ್ (-z) ಸೇರಿಸಿ. ಆಗ ಅದು ಫೋರ್‌ಗ್ರೌಂಡ್‌ನಲ್ಲೇ ಕೂತಿರುತ್ತದೆ, ಸಿಸ್ಟಂಡಿಗೂ ಗೊಂದಲ ಇಲ್ಲ.

ಹಾಗೇ ಆ ರೂಟ್ ಬಿಡಿ. ಹೊರಗಿನ ಮಷಿನ್‌ಗಳ ಜೊತೆ ಮಾತಾಡುವ ಪ್ರೋಗ್ರಾಂಗೆ ಅಷ್ಟು ಅಧಿಕಾರ ಯಾಕೆ? ಇದಕ್ಕೇ ಅಂತ ಒಂದು ಯೂಸರ್ ಮಾಡಿ.

ಪ್ರಶ್ನೆ: ಬೇರೆ ಯೂಸರ್ ಮಾಡಿ ಮೈನಸ್ ಝಡ್ ಹಾಕಿದೆ ಸರ್, ಈಗ ‘ಆಕ್ಟಿವ್’ ಅನ್ನುತ್ತಿದೆ. ಆದರೆ ವೆಂಡರ್ ಡೀಮನ್ ಮೇಲೇಳುತ್ತಿಲ್ಲ, ಕ್ಲೈಂಟ್‌ನಲ್ಲಿ ಮೈನಸ್ 97 ಎರರ್.

ಉತ್ತರ: 97 ಅಂದರೆ ಎಲ್‌ಎಂಜಿಆರ್‌ಡಿ ಸಿಕ್ಕಿತು, ವೆಂಡರ್ ಡೀಮನ್ ಬಿದ್ದಿದೆ ಅಂತ. ಸಿಸ್ಟಂಡಿಯ ‘ಆಕ್ಟಿವ್’ ನಂಬಬೇಡಿ, ಅದು ದೊಡ್ಡವನನ್ನು, ಅಂದರೆ ಎಲ್‌ಎಂಜಿಆರ್‌ಡಿಯನ್ನು ಮಾತ್ರ ನೋಡುತ್ತದೆ. ಸ್ಥಿತಿ ತೋರಿಸುವ ಎಲ್‌ಎಂಸ್ಟ್ಯಾಟ್ ಕಮಾಂಡ್ ಓಡಿಸಿದರೆ ಇಬ್ಬರದ್ದೂ ಗೊತ್ತಾಗುತ್ತದೆ. ನನ್ನ ಅನುಮಾನ ಹಳೆಯ ರೂಟ್ ಮೇಲೆ: ಆಗ ಹುಟ್ಟಿದ ಲಾಗ್ ಫೈಲ್, ಲಾಕ್ ಫೈಲ್ (ಒಂದೇ ಡೀಮನ್ ಎರಡು ಸಲ ಓಡದಂತೆ ತಡೆಯುವಂಥದ್ದು) ಎರಡೂ ರೂಟ್ ಹೆಸರಲ್ಲೇ ಇರುತ್ತವೆ, ಹೊಸ ಯೂಸರ್ ಅವನ್ನು ಮುಟ್ಟಲಾಗದು. ಸರ್ವಿಸ್ ನಿಲ್ಲಿಸಿ, ಮಾಲೀಕ ಯಾರು ಅಂತ ನೋಡಿ.

ಇನ್ನೊಂದು. ಲೈಸೆನ್ಸ್ ಫೈಲ್‌ನ ಸರ್ವರ್ ಸಾಲಿನಲ್ಲಿ 27000 ಅಂತ ಪೋರ್ಟ್ ಇರುತ್ತದೆ, ಫೈರ್‌ವಾಲ್‌ನಲ್ಲಿ ಅದನ್ನೊಂದೇ ತೆರೆದು ಸುಮ್ನೆ ಕೂರುತ್ತಾರೆ. ವೆಂಡರ್ ಸಾಲಿನಲ್ಲೂ ಪೋರ್ಟ್ ಬರೆಯದಿದ್ದರೆ ಅದು ಪ್ರತಿ ಸಲ ಎದ್ದಾಗ ಕೈಗೆ ಸಿಕ್ಕ ಪೋರ್ಟ್ ಹಿಡಿಯುತ್ತದೆ. ಅದನ್ನೂ ಬರೆದು, ಎರಡನ್ನೂ ಫೈರ್‌ವಾಲ್‌ನಲ್ಲಿ ತೆರೆದು, ರೀಸ್ಟಾರ್ಟ್ ಮಾಡಿ. ಪೋರ್ಟ್ ಬದಲಿಸಿದರೆ ಲೈಸೆನ್ಸ್ ಕೆಡುವುದಿಲ್ಲ. ಹೋಸ್ಟ್ ಐಡಿ (ಲೈಸೆನ್ಸ್ ಯಾವ ಮಷಿನ್‌ಗೆ ಅಂತ ಹೇಳುವ ಗುರುತು) ಮಾತ್ರ ಮುಟ್ಟಬೇಡಿ.

ಮತ್ತೊಬ್ಬರು: ವಿಂಡೋಸ್‌ನಲ್ಲೂ ಇದೇ ಕಥೆ, ಅಲ್ವಾ? ಅಲ್ಲಿ ಈ ಸರ್ವಿಸ್ ಹೊಂದಿಸುವ ಎಲ್‌ಎಂಟೂಲ್ಸ್‌ನಲ್ಲಿ ಎಲ್ಲ ಟಿಕ್ ಮಾಡಿದ್ದೆ, ಲೈಸೆನ್ಸ್ ಫೈಲ್ ಮಾತ್ರ ಝಡ್ ಡ್ರೈವ್‌ನಲ್ಲಿತ್ತು. ಆ ನೆಟ್‌ವರ್ಕ್ ಡ್ರೈವ್ ಲಾಗಿನ್ ಆದ ನನಗೆ ಕಾಣುತ್ತಿತ್ತು, ಸರ್ವಿಸ್‌ಗೆ ಕಾಣುತ್ತಿರಲಿಲ್ಲ. ಅರ್ಧ ದಿನ ಹೋಯಿತು.

ಪ್ರಶ್ನೆ ಕೇಳಿದವರು: ಸಿಕ್ಕಿತು ಸರ್! ಲಾಕ್ ಫೈಲ್ ರೂಟ್ ಹೆಸರಲ್ಲೇ ಇತ್ತು. ಅಳಿಸಿ ಶುರು ಮಾಡಿದೆ, ಎರಡೂ ‘ಅಪ್’. ಬೇಕಂತಲೇ ಎರಡು ಸಲ ರೀಬೂಟ್ ಮಾಡಿದೆ, ಯಾರೂ ಫೋನ್ ಮಾಡಲಿಲ್ಲ.